ದೋಣಿಯ ಮೋಟಾರಿಗೆ ಅರ್ಥಿಂಗ್

ನನಗೊಂದು ಕೆಟ್ಟ ಚಟವಿದೆ. ಇಸ್ಪೀಟಿನದಲ್ಲ, ತಂಬಾಕಿನದೂ ಅಲ್ಲ. ಅಂಥವಾದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಎಲ್ಲಾದರೂ ಒಂದು ತಂತಿ ತುದಿ ಬಿಟ್ಟುಕೊಂಡು ಜೋತಾಡುತ್ತಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೊನ್ನೆ ಪರಿಚಯದವರ ಮನೆಗೆ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ಟಿ.ವಿ.ಯ ಹಿಂದಿನಿಂದ ಒಂದು ಕರಿ ತಂತಿ ಯಾರಿಗೂ ಬೇಡವಾದ ಹಾಗೆ ನೇತಾಡುತ್ತಿತ್ತು. ಎಲ್ಲರೂ ಹೋಳಿಗೆಯನ್ನು ಹೊಗಳುತ್ತಿದ್ದರೆ ನಾನು ತಂತಿಯನ್ನೇ ನೋಡುತ್ತಿದ್ದೆ. ಕೈ ತೊಳೆಯುವ ನೆವದಲ್ಲಿ ಎದ್ದವನು ಅದನ್ನು ಎಳೆದು, ಸುರುಳಿ ಸುತ್ತಿ, ಕಪಾಟಿನ ಹಿಡಿಗೆ ಅಂದವಾಗಿ ಕಟ್ಟಿ ಬಂದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹುಡುಗರು ಇಂಟರ್ನೆಟ್ ಹೋಯಿತೆಂದು ಗೋಳಾಡಿಕೊಂಡು ಬಂದರು. ನಾನು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ತಲೆ ಎತ್ತಲಿಲ್ಲ.

ಈ ಚಟದ ಬೇರು ಗುಲಬರ್ಗಾ ಜಿಲ್ಲೆಯ ಆಳಂದದಲ್ಲಿದೆ. ನಮ್ಮ ಮನೆಯಲ್ಲಿ ಒಂದು ದೊಡ್ಡ ರೇಡಿಯೋ ಇತ್ತು. ಓಣಿಯ ಹಿರಿಯರೆಲ್ಲ ಸಂಜೆ ಸುದ್ದಿ ಕೇಳಲು ನಮ್ಮ ಪಡಸಾಲೆಗೇ ಬರುತ್ತಿದ್ದರು. ಅದರ ಬೆನ್ನಿನಿಂದ ಎರಡು ತಂತಿ ಹೊರಡುತ್ತಿದ್ದವು. ಒಂದು ಮಾಳಿಗೆ ಹತ್ತಿ ಬಿದಿರಿನ ತುದಿ ಸೇರುತ್ತಿತ್ತು, ಅದು ಏರಿಯಲ್. ಇನ್ನೊಂದು ಕಿಟಕಿಯಿಂದ ಇಳಿದು ಹಿತ್ತಲಿನಲ್ಲಿ ಹೂತಿಟ್ಟ ತಾಮ್ರದ ತಗಡಿಗೆ ಹೋಗುತ್ತಿತ್ತು, ಅದು ಅರ್ಥು. ಬೇಸಿಗೆಯಲ್ಲಿ ನಮ್ಮೂರಿನ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ರೇಡಿಯೋ ಗೊರಗೊರ ಅನ್ನಲು ಶುರು ಮಾಡುತ್ತಿತ್ತು. ಅಪ್ಪ ಕೂತಲ್ಲಿಂದಲೇ ಅರ್ಥಿಗೆ ನೀರು ಹಾಕು ಎಂದು ಹೇಳುತ್ತಿದ್ದರು. ನಾನು ಚಂಬು ಹಿಡಿದು ಹಿತ್ತಲಿಗೆ ಓಡಿ ನೀರು ಸುರಿದು ಬರುವಷ್ಟರಲ್ಲಿ ದಿಲ್ಲಿಯಿಂದ ಸುದ್ದಿ ಓದುವವರ ಗಂಟಲು ಸರಿಯಾಗಿರುತ್ತಿತ್ತು. ನಾನು ಓಡದಿದ್ದರೆ ದೇಶದ ಸುದ್ದಿ ಆಳಂದಕ್ಕೆ ಮುಟ್ಟುವುದೇ ಇಲ್ಲ ಎಂಬ ಜಂಭ ನನಗೆ. ಅವ್ವನಂತೂ ಹಾಲು ಒಡೆದರೂ, ಕೋಳಿ ಮೊಟ್ಟೆ ಇಡದಿದ್ದರೂ, ನೀನು ಅರ್ಥಿಗೆ ನೀರು ಹಾಕಿಲ್ಲೇನು ಎಂದು ಕಾಡಿಸುತ್ತಿದ್ದಳು. ನಾನು ನಗುತ್ತಿರಲಿಲ್ಲ, ಹೋಗಿ ಒಂದು ಚಂಬು ಹಾಕಿ ಬರುತ್ತಿದ್ದೆ.

ಇಂಥ ಹುಡುಗ ಡಿಪ್ಲೊಮಾ ಮುಗಿಸಿ ಎಲ್ಲಿಗೆ ಹೋಗಿ ಸೇರಬೇಕು ಹೇಳಿ? ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಗೆ, ಅದೂ ವಿದ್ಯುತ್ ವಿಭಾಗಕ್ಕೆ. ಅಲ್ಲಿ ನನಗೆ ಮೊದಲು ಕಲಿಸಿದ್ದು ಬಾಂಡಿಂಗ್. ವಿಮಾನದ ಲೋಹದ ಒಂದೊಂದು ಭಾಗವನ್ನೂ ತಂತಿಯಿಂದ ಮೈಗೆ ಜೋಡಿಸಬೇಕು. ಜೋಡಿಸಿದ ಮೇಲೆ ಬೋಲ್ಟು ಸಡಿಲಾಗದ ಹಾಗೆ ಸಣ್ಣ ಉಕ್ಕಿನ ತಂತಿಯಿಂದ ಹೆಣೆದು ಬಿಗಿಯಬೇಕು, ಅದಕ್ಕೆ ಲಾಕ್‌ವೈರ್ ಎನ್ನುತ್ತಾರೆ. ತುದಿ ಬಿಟ್ಟುಕೊಂಡ ತಂತಿ ಅಲ್ಲಿ ಮಹಾಪಾಪ. ಇನ್ನೊಂದು ಪದ್ಧತಿ: ಮಾಡಿದವನೇ ಸರಿಯಾಗಿದೆ ಎನ್ನುವ ಹಾಗಿಲ್ಲ. ಒಬ್ಬ ಮಾಡಬೇಕು, ಇನ್ನೊಬ್ಬ ತಪಾಸಣೆ ಮಾಡಿ ಕೆಂಪು ಬಣ್ಣದ ಚುಕ್ಕೆ ಇಡಬೇಕು. ನನ್ನ ಕೆಲಸಕ್ಕೆ ಚುಕ್ಕೆ ಇಡುತ್ತಿದ್ದವನು ಧಾರವಾಡದ ವಾಮನ ಕುಲಕರ್ಣಿ, ನನ್ನ ಖೋಲಿಯ ಪಾಲುದಾರನೂ ಅವನೇ. ಕುಲಕರ್ಣಿಗೆ ತಪಾಸಣೆ ರಕ್ತದಲ್ಲೇ ಇತ್ತು. ಚಹಾದ ಕಪ್ಪನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದ.

ಆ ದಿನಗಳಲ್ಲೇ ನನಗೆ ಹೆಣ್ಣು ನೋಡುವ ಮಾತು ಶುರುವಾಯಿತು. ಹುಡುಗಿ ಔರಂಗಾಬಾದಿನವಳು, ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರು. ತಂದೆ ಸಿದ್ರಾಮಪ್ಪನವರು ಬೀದರ ಕಡೆಯಿಂದ ಹೋಗಿ ಅಲ್ಲಿ ಬಟ್ಟೆಯ ಅಂಗಡಿ ಇಟ್ಟವರು. ಮಗಳು ಜಗದೇವಿ. ನೋಡಲು ಹೋದಾಗ ಅವಳು ಸುಸಲಾದ, ಅಂದರೆ ಒಗ್ಗರಣೆ ಹಾಕಿದ ಚುರುಮುರಿಯ, ತಾಟು ನನ್ನ ಮುಂದಿಟ್ಟು, ತಲೆ ತಗ್ಗಿಸುವ ಬದಲು ನನ್ನ ಬೆರಳಿನ ಸುಟ್ಟ ಗಾಯವನ್ನು ನೋಡಿ, ಇದಕ್ಕೇನಾದರೂ ಹಚ್ಚಿದ್ದೀರಾ ಎಂದು ಕೇಳಿದಳು. ಕನ್ನಡದಲ್ಲಿ ಹೊರಟ ಆ ಪ್ರಶ್ನೆ ಮರಾಠಿಯಲ್ಲಿ ಹಾಯ್ದು ಹಿಂದಿಯಲ್ಲಿ ಮುಗಿಯಿತು. ಅಷ್ಟೇ. ನನಗೆ ಮದುವೆಯಾದರೆ ಇವಳನ್ನೇ ಆಗಬೇಕು ಅನಿಸಿಬಿಟ್ಟಿತು. ಸುಸಲಾಕ್ಕೆ ಉಪ್ಪು ಕಡಿಮೆಯಾಗಿತ್ತೆಂದು ನನ್ನ ಜೊತೆ ಬಂದಿದ್ದ ಕುಲಕರ್ಣಿ ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದ. ನನಗೆ ಗೊತ್ತೇ ಆಗಿರಲಿಲ್ಲ.

ತೊಡಕು ಬಂದದ್ದು ಸಿದ್ರಾಮಪ್ಪನವರಿಂದ. ಅವರು ನ್ಯಾಯವಾಗಿಯೇ ಕೇಳಿದರು, ವಿಮಾನದಲ್ಲಿ ನಿಮ್ಮ ಕೆಲಸ ಏನು ಎಂದು. ಕಾರ್ಖಾನೆಯ ಒಳಗಿನ ಮಾತನ್ನು ಹೊರಗೆ ಆಡಬಾರದೆಂದು ನಮಗೆ ಕಟ್ಟಪ್ಪಣೆ. ನಾನು ಹೊಸಬ, ಅಪ್ಪಣೆಯನ್ನು ಅಕ್ಷರಶಃ ಪಾಲಿಸುವವನು. ಎಲೆಕ್ಟ್ರಿಕ್ ಕೆಲಸ ಎಂದಷ್ಟಾದರೂ ಹೇಳಬಹುದಿತ್ತು. ನಾನು ಅದನ್ನೂ ಹೇಳದೆ, ಹೇಳುವ ಹಂಗಿಲ್ಲರಿ ಎಂದು ಕೂತೆ. ನಿಮ್ಮ ಕೈಕೆಳಗೆ ಎಷ್ಟು ಜನ? ಹೇಳುವ ಹಂಗಿಲ್ಲರಿ. ಊಟ ಎಲ್ಲಿ? ಅದಕ್ಕೂ ನಾನು ಒಂದು ಕ್ಷಣ ಯೋಚಿಸಿದೆ. ಸಿದ್ರಾಮಪ್ಪನವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನೋಡ್ರಿ, ನಮ್ಮ ಅಂಗಡ್ಯಾಗ ಥಾನ್ ಬಿಚ್ಚಿ ತೋರಿಸದೇ ನಾವು ಯಾರಿಗೂ ಅರಬಿ ಕೊಟ್ಟಿಲ್ಲ. ನೀವು ಥಾನೇ ಬಿಚ್ಚಲ್ಲಂತೀರಿ. ನಾಳಿಗಿ ನಮ್ಮ ಹುಡುಗಿಗಿ ಏನ್ ಹೇಳ್ತೀರಿ, ಏನ್ ಮುಚ್ಚಿಡ್ತೀರಿ, ನಮಗ ಹ್ಯಾಂಗ ಗೊತ್ತಾಗಬೇಕು?"

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಇಂವ ಎಲೆಕ್ಟ್ರಿಕಲ್ ಕೆಲಸದವನೋ, ಅಲ್ಲಿ ಕಸ ಹೊಡೆಯುವವನೋ, ಅವರಿಗೆ ತಿಳಿಯಲು ದಾರಿಯೇ ಇರಲಿಲ್ಲ. ಕಾರ್ತಿಕದಲ್ಲಿ ತ್ರ್ಯಂಬಕೇಶ್ವರಕ್ಕೆ ಮಗಳೊಂದಿಗೆ ಬರುವವರಿದ್ದೇವೆ, ಆಗ ಇನ್ನೊಮ್ಮೆ ನೋಡಿ ತೀರ್ಮಾನ ಹೇಳುತ್ತೇವೆ ಎಂದು ಕಳಿಸಿಕೊಟ್ಟರು. ಖೋಲಿಗೆ ಬಂದು ನಾನು ಗೋಡೆ ನೋಡುತ್ತ ಮಲಗಿದೆ. ಆಗ ಕುಲಕರ್ಣಿಗೆ ಉಪಾಯ ಹೊಳೆಯಿತು. ವಿಮಾನ ಗುಪ್ತ ಇರಬಹುದು, ದೋಣಿ ಗುಪ್ತ ಅಲ್ಲವಲ್ಲ ಎಂದ. ಗಂಗಾಪುರ ಆಣೆಕಟ್ಟಿನ ಹಿನ್ನೀರಿನಲ್ಲಿ ಹುಡುಗಿಯ ತಂದೆಯನ್ನು ದೋಣಿಯಲ್ಲಿ ಕೂರಿಸಿ ಮೋಟಾರು ಓಡಿಸಿ ತೋರಿಸಿದರೆ ನನ್ನ ಕೈಚಳಕ ಏನೆಂದು ಕಣ್ಣಾರೆ ಕಾಣುತ್ತಾರೆ ಎಂಬುದು ಅವನ ಲೆಕ್ಕ.

ಮೋಟಾರು ಅವನ ಹತ್ತಿರ ಇತ್ತು ಅನ್ನಿ. ಆದರೆ ಅದನ್ನು ಮೋಟಾರು ಎನ್ನಲು ಧೈರ್ಯ ಬೇಕಿತ್ತು. ಭದ್ರಕಾಳಿ ಪೇಟೆಯ ಗುಜರಿಯಲ್ಲಿ ಅವನಿಗೆ ಸಿಕ್ಕಿದ್ದು. ದೇವಳಾಲಿ ದಂಡಿನ ಯಾವನೋ ಗೋರಾ ಸಾಹೇಬ ಬಿಟ್ಟುಹೋದದ್ದೆಂದು ಗುಜರಿಯವನು ಹೇಳಿದ್ದ. ದೋಣಿಯ ಹಿಂಭಾಗಕ್ಕೆ ಕಚ್ಚಿಸಿ, ಕೆಳಗಿನ ಪಂಖ ನೀರಿಗೆ ಇಳಿಬಿಟ್ಟು, ಮೇಲಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆಯುವ ಸರಳ ಯಂತ್ರ. ಬ್ಯಾಟರಿಯ ಗೊಡವೆ ಇಲ್ಲ. ಚಕ್ರದೊಳಗೆ ಅಯಸ್ಕಾಂತ ಇರುತ್ತದೆ. ಅದು ಸುತ್ತಿದರೆ ಒಳಗಿನ ಸುರುಳಿಯಲ್ಲಿ ಕರೆಂಟು ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು, ಪೆಟ್ರೋಲು ಹೊತ್ತಬೇಕು. ನಮ್ಮದರಲ್ಲಿ ಚಕ್ರ ಸುತ್ತುತ್ತಿತ್ತು. ಉಳಿದದ್ದೇನೂ ಆಗುತ್ತಿರಲಿಲ್ಲ.

ನಮ್ಮ ಮನೆಯೊಡತಿ ಕಾಕೂ ಒಬ್ಬ ಮರಾಠಿ ಹೆಂಗಸು. ಅವರ ಅಂಗಳದ ನೀರಿನ ಡ್ರಮ್ಮಿನ ಅಂಚಿಗೆ ಮೋಟಾರನ್ನು ಕಚ್ಚಿಸಿ ಚಿಕಿತ್ಸೆ ಶುರು ಮಾಡಿದೆವು. ಮೊದಲ ಪರೀಕ್ಷೆ ಎಲ್ಲ ಮೆಕ್ಯಾನಿಕರೂ ಮಾಡುವಂಥದ್ದು: ಪ್ಲಗ್ಗನ್ನು ಬಿಚ್ಚಿ, ವೈರಿಗೆ ಸಿಕ್ಕಿಸಿ, ಮೋಟಾರಿನ ಮೈಗೆ ತಾಗಿಸಿ ಹಿಡಿಯುವುದು, ಇನ್ನೊಬ್ಬ ಹಗ್ಗ ಎಳೆಯುವುದು. ಕುಲಕರ್ಣಿ ಹಿಡಿದ, ನಾನು ಎಳೆದೆ. ಕಿಡಿ ಬಂತೇನೋ ಎಂದು ಕೇಳಿದೆ. ಅವನು ಮೂರು ಅಡಿ ಹಿಂದೆ ಸರಿದು ಕೈ ಜಾಡಿಸುತ್ತ, "ಬಂತು. ಪ್ಲಗ್ಗಿಗೆ ಅಲ್ಲ, ನನಗ" ಎಂದ. ದಪ್ಪ ವೈರಿನ ರಬ್ಬರು ಸೀಳಿಹೋಗಿ, ಕರೆಂಟು ಪ್ಲಗ್ಗಿನ ತನಕ ಹೋಗುವ ಶ್ರಮವನ್ನೇ ತೆಗೆದುಕೊಳ್ಳದೆ ಧಾರವಾಡದ ದಾರಿ ಹಿಡಿದಿತ್ತು.

ವೈರು ಬದಲಾಯಿಸಿದ ಮೇಲೆ ಕಿಡಿ ಪ್ಲಗ್ಗಿಗೆ ಬಂತು, ಆದರೆ ಬಡಕಲು ಕಿಡಿ. ಚಕ್ರ ಬಿಚ್ಚಿ ನೋಡಿದರೆ ಒಳಗೆ ಕೂಡಿ ಅಗಲುವ ಎರಡು ಸಣ್ಣ ಪಾಯಿಂಟುಗಳಿಗೆ ಹಸಿರು ಕಿಲುಬು. ಅರದಿಂದ ಉಜ್ಜಿ, ನಡುವಿನ ಸಂದಿಗೆ ಕ್ಯಾಲೆಂಡರಿನ ದಪ್ಪ ಹಾಳೆ ಸಿಕ್ಕಿಸಿ ಅಳತೆ ಮಾಡಿದೆ. ಆಮೇಲೆ ಕಂಡೆನ್ಸರ್ ಸತ್ತಿದೆ ಎಂದು ಗೊತ್ತಾಯಿತು. ಹಳೆಯ ಮೋಟಾರಿನದು ಎಲ್ಲಿ ಸಿಗಬೇಕು? ಕುಲಕರ್ಣಿಯ ಸ್ಕೂಟರಿನದನ್ನೇ ಬಿಚ್ಚಿ ಹಾಕಿದೆವು. ಮೋಟಾರು ಬದುಕಿತು, ಸ್ಕೂಟರು ಸತ್ತಿತು. ಅಂದಿನಿಂದ ಅವನು ನನ್ನ ಮದುವೆಯ ಸಲುವಾಗಿ ಬಸ್ಸಿನಲ್ಲಿ ಓಡಾಡುತ್ತಿದ್ದೇನೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಸಿದ್ರಾಮಪ್ಪನವರು ಬರುವ ಮುನ್ನಾದಿನ ಸಂಜೆ ಮೋಟಾರು ಡ್ರಮ್ಮಿನಲ್ಲಿ ನಿಜವಾಗಿಯೂ ಓಡಿತು. ಎಂಥ ಓಟ ಅಂತೀರಿ. ನೀಲಿ ಹೊಗೆ ಅಂಗಳ ತುಂಬಿತು. ಡ್ರಮ್ಮಿನ ನೀರೆಲ್ಲ ಎಣ್ಣೆಯ ಸಮೇತ ಹಾರಿ, ಕಾಕೂ ಬಿಸಿಲಿಗೆ ಹಾಕಿ ಇನ್ನೂ ತೆಗೆಯದೆ ಬಿಟ್ಟಿದ್ದ ಕುರಡಿ ಸಂಡಿಗೆಯ ಮೇಲೆ ಬಿತ್ತು. ನಿಲ್ಲಿಸೋಣವೆಂದರೆ ನಿಲ್ಲಿಸುವ ಗುಂಡಿಯೇ ಇಲ್ಲ, ಪೆಟ್ರೋಲಿನ ನಳ ಮುಚ್ಚಿ ಅದು ತಾನಾಗಿ ಸಾಯುವ ತನಕ ಕಾಯಬೇಕು. ಮೋಟಾರಿನ ಮೈಯಲ್ಲಿ ಒಂದು ಕಡೆ ದುಂಡಗಿನ ತೂತು ಮಾತ್ರ ಇತ್ತು. ಅದು ಯಾತಕ್ಕೆಂದು ನಾನು ಕೇಳಿದ್ದೆ. ಕುಲಕರ್ಣಿ ತಪಾಸಣೆ ಮಾಡಿ, ಗಾಳಿಯಾಡಲಿಕ್ಕೆ ಎಂದಿದ್ದ. ಕಾಕೂ ಹೊರಗೆ ಬಂದರು. ಡ್ರಮ್ಮನ್ನು ಉರುಳಿಸಿಕೊಂಡು ಹೋಗಿ ಒಳಗಿಟ್ಟು ಬೀಗ ಹಾಕಿದರು.

ಇನ್ನು ಆ ಮುಂಜಾನೆಯ ಮಾತು. ಸಿದ್ರಾಮಪ್ಪನವರು ಮಗಳೊಂದಿಗೆ ತ್ರ್ಯಂಬಕದ ದರ್ಶನ ಮುಗಿಸಿ ಜೀಪಿನಲ್ಲಿ ನೇರವಾಗಿ ಗಂಗಾಪುರಕ್ಕೆ ಬರುವವರಿದ್ದರು. ನಾನು ಬೇಗ ಎದ್ದು ಮೋಟಾರನ್ನು ಮದುಮಗನ ಹಾಗೆ ಒರೆಸಿ ಹೊಳೆಸುತ್ತಿದ್ದೆ. ಮುಚ್ಚಳದ ಅಂಚಿನೊಳಗೆ ಏನೋ ಕಂಡಿತು. ಎಳೆದು ನೋಡಿದರೆ ಒಂದು ತಂತಿ. ಚಕ್ರದ ಕೆಳಗಿನಿಂದ ಬಂದು, ಎಲ್ಲಿಗೂ ಹೋಗದೆ, ಅಲ್ಲೇ ಮುದುಡಿ ಕೂತಿತ್ತು. ತುದಿಗೆ ಯಾರೋ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಅರಗು ಹಚ್ಚಿದ್ದರು. ಅಷ್ಟು ಜೋಪಾನ ಮಾಡಿದ್ದಾರೆಂದರೆ ಏನೋ ಕಾರಣ ಇರಬೇಕು ಎಂದು ಯಾವ ಸಾಮಾನ್ಯ ಮನುಷ್ಯನಾದರೂ ಯೋಚಿಸುತ್ತಿದ್ದ. ನಾನು ಸಾಮಾನ್ಯ ಮನುಷ್ಯನಲ್ಲವಲ್ಲ, ಬಾಂಡಿಂಗ್ ಕಲಿತವನು, ಅರ್ಥಿಗೆ ನೀರು ಹಾಕಿ ಬೆಳೆದವನು. ಹುಡುಗಿಯ ತಂದೆಯ ಮುಂದೆ ತುದಿ ಬಿಟ್ಟುಕೊಂಡ ತಂತಿ ತೋರಿಸಲೇ?

ಬಟ್ಟೆ ಕಿತ್ತು ಎಸೆದೆ. ತುದಿಯನ್ನು ಉಜ್ಜಿ, ತಾಮ್ರದ ಬಳೆ ಬೆಸೆದು, ಮೋಟಾರಿನ ಮೈಗೆ ಬೋಲ್ಟಿನಿಂದ ಬಿಗಿದು, ಮೇಲೆ ಲಾಕ್‌ವೈರ್ ಹೆಣೆದೆ. ನನ್ನ ಜನ್ಮದಲ್ಲಿ ಅಷ್ಟು ಚಂದದ ಹೆಣಿಗೆ ಇನ್ನೊಂದು ಮಾಡಿಲ್ಲ. ಕುಲಕರ್ಣಿ ಕನ್ನಡಕ ಹಾಕಿಕೊಂಡು ಎಲ್ಲ ಬದಿಯಿಂದ ನೋಡಿದ, ಬೆರಳಿನಿಂದ ಒತ್ತಿದ, ಒಂದು ಕೆಂಪು ಚುಕ್ಕೆ ಇಟ್ಟ. ಕೆಲಸ ಆದ ಮೇಲೆ ಓಡಿಸಿ ನೋಡಬೇಕೆಂಬ ನಿಯಮ ನಮಗಿಬ್ಬರಿಗೂ ಗೊತ್ತಿತ್ತು. ಆದರೆ ಡ್ರಮ್ಮು ಕಾಕೂ ಕೋಣೆಯಲ್ಲಿತ್ತು, ಅದನ್ನು ಕೇಳುವ ಎದೆಗಾರಿಕೆ ಇಬ್ಬರಿಗೂ ಇರಲಿಲ್ಲ.

ಹಿನ್ನೀರಿನ ದಂಡೆಯಲ್ಲಿ ಬೆಸ್ತರೊಬ್ಬರ ದೋಣಿ ಕೇಳಿಟ್ಟಿದ್ದೆವು. ಸಿದ್ರಾಮಪ್ಪನವರು ಬಿಳಿ ಧೋತರ, ಕರಿ ಟೋಪಿ, ಹಣೆಯ ತುಂಬ ವಿಭೂತಿ ಧರಿಸಿ, ಕೈಯಲ್ಲಿ ಕೊಡೆ ಹಿಡಿದು ಬಂದು ದೋಣಿಯ ನಡುವೆ ಕೂತರು. ಜಗದೇವಿ ಮುಂದಿನ ಹಲಗೆಯ ಮೇಲೆ ಹಿಂದಕ್ಕೆ, ಅಂದರೆ ನನ್ನ ಕಡೆಗೆ, ಮುಖ ಮಾಡಿ ಕೂತಳು. ದಂಡೆಯ ಹತ್ತಿರ ಕೆಸರು, ಅಲ್ಲಿ ಪಂಖ ಇಳಿಸುವಂತಿಲ್ಲ. ಕುಲಕರ್ಣಿ ಹುಟ್ಟು ಹಾಕಿ ನಮ್ಮನ್ನು ಆಳವಾದ ನೀರಿಗೆ ಒಯ್ದ. ನಾನು ಎದ್ದು ನಿಂತು, ಅಂಗಿಯ ತೋಳು ಮಡಚಿ, ಮೋಟಾರು ಇಳಿಸಿ, ಹಗ್ಗ ಸುತ್ತಿ ಎಳೆದೆ. ಚಕ್ರ ಒಂದು ಸುತ್ತು ತಿರುಗಿ ಸುಮ್ಮನಾಯಿತು. ಮತ್ತೆ ಎಳೆದೆ. ನೀರಿನ ಮೇಲೆ ಎಷ್ಟು ಶಾಂತಿ ಇರುತ್ತದೆಂಬುದು ನನಗೆ ಅವತ್ತು ಗೊತ್ತಾಯಿತು.

ತೋಳು ಸೋಲುವ ತನಕ ಎಳೆದೆ. ಪ್ಲಗ್ಗು ಬಿಚ್ಚಿ ಮೈಗೆ ತಾಗಿಸಿ ನೋಡಿದೆ, ಬಡಕಲು ಕಿಡಿಯೂ ಇಲ್ಲ. ಬೇರೆ ಪ್ಲಗ್ಗು ಹಾಕಿದೆ, ಇಲ್ಲ. ಹೊಸ ವೈರನ್ನು ತುದಿಯಿಂದ ತುದಿಗೆ ತಡವಿದೆ, ಎಲ್ಲೂ ಸೀಳಿಲ್ಲ. ಚಕ್ರದ ಕಿಂಡಿಯಿಂದ ಪಾಯಿಂಟುಗಳನ್ನು ನೋಡಿದೆ, ಕನ್ನಡಿಯ ಹಾಗಿದ್ದವು. ಗಾಳಿ ನಮ್ಮನ್ನು ಮೆಲ್ಲಗೆ ಆಣೆಕಟ್ಟಿನ ಕಡೆ ತಳ್ಳುತ್ತಿತ್ತು. ಕುಲಕರ್ಣಿ ನಡುನಡುವೆ ಹುಟ್ಟು ಹಾಕಿ ಹಿಂದಕ್ಕೆ ತರುತ್ತಿದ್ದ. ಬೆವರಿಗೆ ನನ್ನ ಹೊಸ ಅಂಗಿ ಬೆನ್ನಿಗೆ ಅಂಟಿತ್ತು. ಸಿದ್ರಾಮಪ್ಪನವರು ಕೊಡೆ ಬಿಚ್ಚಿಕೊಂಡು ಬಹಳ ತಾಳ್ಮೆಯಿಂದ ನೋಡಿದರು. ಕೊನೆಗೆ ಮೆತ್ತಗೆ ಕೇಳಿದರು.

"ಯಾಕ ಚಾಲೂ ಆಗವಲ್ದು, ಇದೂ ಹೇಳೂ ಹಂಗಿಲ್ಲೇನ್ರಿ?"

ನನಗೆ ಅಳು ಬರುವುದೊಂದು ಬಾಕಿ. ನಿನ್ನೆ ಸಂಜೆ ಓಡಿದ ಮೋಟಾರು, ಇವತ್ತು ಸತ್ತಿದೆ. ನಡುವೆ ಏನಾಯಿತು? ನಡುವೆ ಏನೂ ಆಗಿಲ್ಲ, ನಾನು ಒರೆಸಿದ್ದು ಬಿಟ್ಟರೆ. ಒರೆಸಿದ್ದು ಮತ್ತು... ಆಗ ನನ್ನ ಕಣ್ಣು ಆ ಕೆಂಪು ಚುಕ್ಕೆಯ ಮೇಲೆ ಬಿತ್ತು. ಗಾಳಿಯಾಡುವ ತೂತು ಗಾಳಿಯದಲ್ಲ. ನಿಲ್ಲಿಸುವ ಗುಂಡಿ ಇದ್ದ ಜಾಗ ಅದು. ಗುಂಡಿ ಎಂದೋ ಕಳೆದುಹೋಗಿ ತಂತಿ ಉಳಿದಿತ್ತು. ಆ ತಂತಿ ಮೈಗೆ ತಾಗಿತೆಂದರೆ ಕರೆಂಟೆಲ್ಲ ಪ್ಲಗ್ಗಿಗೆ ಹೋಗದೆ ಮೈಗೇ ಇಳಿದು ಮೋಟಾರು ನಿಲ್ಲುತ್ತದೆ. ಅದು ತಾಗದಿರಲಿ ಎಂದೇ ಯಾರೋ ಪುಣ್ಯಾತ್ಮ ಬಟ್ಟೆ ಸುತ್ತಿ ಅರಗು ಹಚ್ಚಿದ್ದ. ಅದನ್ನು ನಾನು ಬೆಸೆದು, ಬಿಗಿದು, ಲಾಕ್‌ವೈರ್ ಹೆಣೆದು, ತಪಾಸಣೆ ಮಾಡಿಸಿ ತಂದಿದ್ದೆ. ಮೋಟಾರು ಎಂದೆಂದಿಗೂ ಶುರುವಾಗದ ಹಾಗೆ ಅಷ್ಟು ಶಾಸ್ತ್ರೋಕ್ತವಾಗಿ ವ್ಯವಸ್ಥೆ ಮಾಡಲು ವಿಮಾನದವರಿಂದ ಮಾತ್ರ ಸಾಧ್ಯ.

ಕುಲಕರ್ಣಿಯೂ ಚುಕ್ಕೆಯನ್ನೇ ನೋಡುತ್ತಿದ್ದ. ಹುಟ್ಟು ಬಿಟ್ಟು ನನ್ನ ಹತ್ತಿರ ಬಗ್ಗಿ, ಸುಮ್ಮನೆ ಬೆನ್ನು ತಿರುಗಿಸಿ ಅದನ್ನು ಕತ್ತರಿಸು, ಪ್ಲಗ್ಗು ಕೆಟ್ಟಿತ್ತೆಂದು ನಾನು ಹೇಳುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದು ಪಿಸುಗುಟ್ಟಿದ. ಹಳೆಯ ಪ್ಲಗ್ಗನ್ನು ಕೈಯಲ್ಲಿ ಸಿದ್ಧವಾಗಿಯೂ ಹಿಡಿದುಕೊಂಡ. ಗೆಳೆಯನೆಂದರೆ ಹಾಗಿರಬೇಕು. ನಾನು ಇಕ್ಕಳದಿಂದ ನನ್ನ ಚಂದದ ಹೆಣಿಗೆಯನ್ನು ಕತ್ತರಿಸಿ, ಬೋಲ್ಟು ಬಿಚ್ಚಿ, ತಂತಿಯ ತುದಿಗೆ ಕರವಸ್ತ್ರದ ಚೂರು ಸುತ್ತಿ ಮೇಲಕ್ಕೆ ಬಿಟ್ಟೆ. ಹಗ್ಗ ಎಳೆದೆ. ಮೋಟಾರು ಕೆಮ್ಮಿ, ಹೊಗೆ ಉಗುಳಿ, ಗುಡುಗಲು ಶುರು ಮಾಡಿತು. ದೋಣಿ ಮುಂದಕ್ಕೆ ಜಿಗಿಯಿತು. ಸಿದ್ರಾಮಪ್ಪನವರ ಮುಖ ಅರಳಿತು, ಟೋಪಿ ಒತ್ತಿ ಹಿಡಿದುಕೊಂಡು ಏನಾಗಿತ್ತೆಂದು ಕೈಸನ್ನೆಯಿಂದ ಕೇಳಿದರು.

ಕುಲಕರ್ಣಿ ಪ್ಲಗ್ಗನ್ನು ಎತ್ತಿ ತೋರಿಸಿದ. ಅವರು ತಲೆಯಾಡಿಸಿದರು. ಅಲ್ಲಿಗೆ ಮುಗಿದಿತ್ತು, ನಾನು ಗೆದ್ದಿದ್ದೆ. ಆದರೆ ಜಗದೇವಿ ಪ್ಲಗ್ಗನ್ನು ನೋಡುತ್ತಿರಲಿಲ್ಲ. ದೋಣಿಯ ತಳದಲ್ಲಿ ಬಿದ್ದಿದ್ದ ಕತ್ತರಿಸಿದ ತಂತಿಯ ಚೂರು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳ ಮುಂದೆ ಸುಳ್ಳುಗಾರನಾಗಿ ನಿಲ್ಲುವುದು ನನ್ನಿಂದಾಗಲಿಲ್ಲ. ಇವಳು ಸಿಗದಿದ್ದರೂ ಸರಿ ಅನಿಸಿತು. ಅನಿಸಿದ ಕೂಡಲೇ, ಸಿಗದಿದ್ದರೆ ಹೇಗೆ ಎಂದೂ ಅನಿಸಿತು.

"ಪ್ಲಗ್ ಅಲ್ರಿ. ಮುಂಜಾನಿ ನಾನೇ ಒಂದ್ ತಂತಿ ಕಟ್ಟಬಾರದ ಕಡಿ ಕಟ್ಟಿದ್ದೆ. ತಪ್ಪ ನಂದೇ."

ಮೋಟಾರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಇಟ್ಟುಕೊಂಡರು. ಹಾಗಾಗಿ ಅದನ್ನೇ ಮತ್ತೆ ಕೂಗಿದೆ. ಆಗಲೂ ಕೇಳಿಸಲಿಲ್ಲ. ಮೂರನೆಯ ಸಲ ಗಂಟಲು ಹರಿಯುವ ಹಾಗೆ ಒದರಿದೆ. ಅಷ್ಟರಲ್ಲಿ ಕುಲಕರ್ಣಿ ಗಾಬರಿಯಿಂದ ಪೆಟ್ರೋಲಿನ ನಳ ಮುಚ್ಚಿದ್ದ. ಮೋಟಾರು ನಿಂತು, ನನ್ನ ತಪ್ಪಿನ ಕೂಗೊಂದೇ ಹಿನ್ನೀರಿನ ಮೇಲೆ ಉಳಿಯಿತು. ನೀರಕ್ಕಿಗಳು ಎದ್ದವು. ದಂಡೆಯ ಮೇಲಿದ್ದ ಬೆಸ್ತರು ಬಲೆ ಬಿಟ್ಟು ನಿಂತು ನೋಡಿದರು.

ಕುಲಕರ್ಣಿ ಹುಟ್ಟು ಹಾಕಿ ನಮ್ಮನ್ನು ದಂಡೆಗೆ ತಂದ. ಇಳಿದ ಮೇಲೆ ಸಿದ್ರಾಮಪ್ಪನವರು ಕೊಡೆ ಮಡಚುತ್ತ, ವಿಮಾನಕ್ಕೂ ಹೀಗೇ ತಂತಿ ಕಟ್ಟುತ್ತೀರೇನು ಎಂದು ಕೇಳಿದರು. ಅಲ್ಲಿ ಕಟ್ಟಲೇಬೇಕರಿ, ಆ ರೂಢಿಯಿಂದಲೇ ಇಲ್ಲೂ ಕಟ್ಟಿಬಿಟ್ಟೆ ಎಂದೆ. ಹೇಳಿದ ಮೇಲೆ ಕಾರ್ಖಾನೆಯ ಮಾತು ಬಾಯಿಂದ ಬಿದ್ದದ್ದು ತಿಳಿದು ನಾಲಿಗೆ ಕಚ್ಚಿಕೊಂಡೆ. ಅವರು ಟೋಪಿ ಸರಿಮಾಡಿಕೊಂಡರು. ಮಗಳ ಕಡೆ ತಿರುಗಿ, ಏನು ಮಾಡೋಣವ್ವ, ನೀನೇ ಹೇಳು ಎಂದರು. ನಾನು ಕೆಸರಿನಲ್ಲಿ ಹೂತ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದೆ. ಜಗದೇವಿ ಸೀರೆಯ ಅಂಚಿಗೆ ಹತ್ತಿದ ಕೆಸರನ್ನು ಜಾಡಿಸಿಕೊಂಡು, ಆ ಒಂದು ಸಲ ಮಾತ್ರ ಮರಾಠಿ ಹಿಂದಿ ಯಾವುದನ್ನೂ ಬೆರೆಸದೆ ಹೇಳಿದಳು:

"ಇವ್ರು ಇಷ್ಟ ನೀರಿನ ಮ್ಯಾಲ ಕೂಗಿ ಕೂಗಿ ತಪ್ಪ ನಂದೇ ಅಂದ್ರಲ್ಲ ಅಪ್ಪಾ. ಮನ್ಯಾಗ ಮೆಲ್ಲಕ ಅಂದ್ರೂ ನಡೀತದ ನನಗ."